ಎದುರು ಕಿಟಕಿಯ ಅಜ್ಜಿ

ಜನವರಿ ೧೨

ಡಾಕ್ಟರಮ್ಮನವರ ಸನ್ನಿಧಾನಕ್ಕೆ ಮಗಳ ಅರ್ಜಿ,

ನಗಬೇಡ, ಅರ್ಜಿಯೇ ಇದು. ನಿನ್ನೆ ಫೋನಿನಲ್ಲಿ "ಅಮ್ಮಾ, ಒಂದು ಮುಖ್ಯವಾದ ವಿಷಯ" ಎನ್ನುವಷ್ಟರಲ್ಲಿ ನಿನ್ನ ಆಫೀಸಿನ ಫೋನು ಹೊಡೆದುಕೊಂಡಿತು. "ಒಂದ್ನಿಮಿಷ ಇರು ಮಗಳೇ" ಅಂದೆ. ಆ ಒಂದು ನಿಮಿಷ ಇನ್ನೂ ಮುಗಿದಿಲ್ಲ. ಕಾಗದವಾದರೆ ನೀನು ಅರ್ಧಕ್ಕೆ ಬಿಟ್ಟು ಎದ್ದರೂ ಅದು ಮುನಿಸಿಕೊಳ್ಳದೆ ಮೇಜಿನ ಮೇಲೆ ಬಿದ್ದಿರುತ್ತದೆ. ಅದಕ್ಕೇ ಇನ್ನು ಮೇಲೆ ಮುಖ್ಯವಾದದ್ದೆಲ್ಲ ಕಾಗದದಲ್ಲಿ. ಫೋನಿನಲ್ಲಿ ಬರೀ ಊಟ ಆಯ್ತಾ, ನಿದ್ದೆ ಆಯ್ತಾ.

ವಿಷಯ ಇಷ್ಟು. ನನಗೆ ಏಪ್ರಿಲ್ ಎರಡನೆಯ ವಾರ ಹೆರಿಗೆ ಎಂದಿದ್ದಾರೆ. ನಿನಗೆ ಮಾರ್ಚ್ ಕೊನೆಗೆ ನಿವೃತ್ತಿ. ಸರ್ಕಾರವೂ ನಾನೂ ಒಂದು ವಿಷಯದಲ್ಲಿ ಒಪ್ಪಿದ್ದು ಇದೇ ಮೊದಲು. ನೀನು ಬರಬೇಕು, ಹೆರಿಗೆಗೆ ಮುಂಚೆಯೇ ಬರಬೇಕು. ಮಗು ಹುಟ್ಟಿದಾಗ ಅದನ್ನು ಮೊದಲು ಎತ್ತಿಕೊಳ್ಳುವುದು ನೀನೇ ಆಗಿರಬೇಕು ಎಂದು ನನಗೊಂದು ಹಟ. ಅಪ್ಪ ಇದ್ದಿದ್ದರೆ ನಿನ್ನನ್ನು ಇಷ್ಟು ಕಾಡುತ್ತಿರಲಿಲ್ಲ. ನನಗೆ ಜಡೆ ಹಾಕಿದ್ದು, ಜ್ವರ ಬಂದಾಗ ಪಕ್ಕದಲ್ಲಿ ಕೂತಿದ್ದು ಎಲ್ಲಾ ಅವರೇ. ಬಾಣಂತನವನ್ನೂ ಅವರೇ ಮಾಡಿಬಿಡುತ್ತಿದ್ದರು. ಈಗ ಅವರಿಲ್ಲ. ನೀನೊಬ್ಬಳೇ ಗತಿ.

ನೆನಪಿದೆಯಾ, ಎರಡನೇ ಕ್ಲಾಸಿನ ಟೀಚರು "ನಿಮ್ಮಮ್ಮ ಏನ್ ಮಾಡ್ತಾರೆ?" ಎಂದು ಕೇಳಿದ್ದಕ್ಕೆ "ಡಾಕ್ಟ್ರು. ಆದ್ರೆ ಯಾರಿಗೂ ಔಷಧಿ ಕೊಡಲ್ಲ, ನೀರು ಮೂಸಿ ನೋಡ್ತಾರೆ" ಎಂದಿದ್ದೆ. ನಾನು ಶಾಲೆಯಿಂದ ಓಡಿ ಬಂದು ತಬ್ಬಿಕೊಳ್ಳಲು ಹೋದರೆ ನೀನು "ಕೈ ತೋರಿಸು ಮೊದ್ಲು" ಎನ್ನುತ್ತಿದ್ದೆ. ಕೈ ತೊಳೆದು ಬರುವಷ್ಟರಲ್ಲಿ ಜೀಪು ಬಂದು ನೀನು ಹೋಗಿರುತ್ತಿದ್ದೆ. ಈ ಸಲ ಜೀಪು ಕಳಿಸಿಬಿಟ್ಟು ಬಾ.

ಉತ್ತರ ಬರುವವರೆಗೆ ಫೋನು ಎತ್ತದ,
ನಿನ್ನ ಮಗಳು

ಜನವರಿ ೨೧

ಜಗಳಗಂಟಿಗೆ,

ನಿನ್ನ ಅರ್ಜಿಯನ್ನು ಆಫೀಸಿನಲ್ಲೇ ಓದಿ ಜೋರಾಗಿ ನಕ್ಕೆ. ನನ್ನ ಕೈಕೆಳಗಿನ ಅಧಿಕಾರಿ ಹೆದರಿ ಒಳಗೆ ಬಂದಳು. ನಾನು ದೊಡ್ಡ ಡಾಕ್ಟರು, ಅವಳು ಚಿಕ್ಕ ಡಾಕ್ಟರು. ಇಡೀ ಊರು ನಮ್ಮನ್ನು ಕರೆಯುವುದೇ ಹಾಗೆ. ನೀರು ಮೂಸುವ ಕಥೆ ಹೇಳಿದೆ. ಈಗ ಅವಳೂ ನಗುತ್ತಿದ್ದಾಳೆ.

ನೀನು ಆಗ ಹೇಳಿದ್ದರಲ್ಲಿ ತಪ್ಪೇನಿಲ್ಲ. ಊರಿಗೆ ಕಾಯಿಲೆ ಬಾರದ ಹಾಗೆ ಕಾಯುವ ಡಾಕ್ಟರು ನಾನು. ಜ್ವರ ವಾಸಿ ಮಾಡಿದ ಡಾಕ್ಟರ ಮನೆಗೆ ಹಣ್ಣಿನ ಬುಟ್ಟಿ ಬರುತ್ತದೆ. ಬಾರದೇ ಹೋದ ಕಾಲರಾಕ್ಕೆ ಯಾರು ಬುಟ್ಟಿ ಕಳಿಸುತ್ತಾರೆ? ನಾನು ಚೆನ್ನಾಗಿ ಕೆಲಸ ಮಾಡಿದ ವರ್ಷ ಊರಿನಲ್ಲಿ ಏನೂ ಆಗುವುದಿಲ್ಲ. ಏನೂ ಆಗದಿದ್ದರೆ "ಈ ಡಾಕ್ಟರು ಯಾತಕ್ಕೆ ಸಂಬಳ ತಗೊಳ್ತಾರೆ" ಎಂದು ಕೇಳುತ್ತಾರೆ. ನಿಮ್ಮಪ್ಪ ಮಾತ್ರ ಸಂಜೆ ಬಂದ ಕೂಡಲೇ "ಇವತ್ತು ಏನೇನು ಆಗ್ಲಿಲ್ಲ ಹೇಳು" ಎಂದು ಕೇಳುತ್ತಿದ್ದರು. ಆ ಪ್ರಶ್ನೆ ಕೇಳುವವರು ಈಗ ಯಾರೂ ಇಲ್ಲ.

ಬರುತ್ತೇನೆ. ಕಾಗದದ ಮೇಲೆ ಬರೆದಿದ್ದೇನೆ, ಕೆಳಗೆ ಸಹಿಯೂ ಇದೆ.

ಈಗ ನನ್ನ ಸರದಿ. ಎಂಟನೆಯ ತಿಂಗಳು ಬೀಳುತ್ತಿದ್ದಂತೆ ನಾಯಿಕೆಮ್ಮಿನ ಸೂಜಿ ಹಾಕಿಸಿಕೊ. ಹುಟ್ಟಿದ ಕೂಸಿಗೆ ಅದನ್ನು ಕೂಡಲೇ ಹಾಕಲು ಬರುವುದಿಲ್ಲ. ತಾಯಿ ಹಾಕಿಸಿಕೊಂಡರೆ ಹೊಟ್ಟೆಯಲ್ಲಿರುವಾಗಲೇ ಅದಕ್ಕೆ ಅಷ್ಟಿಷ್ಟು ರಕ್ಷಣೆ ದಾಟುತ್ತದೆ. ಇಲ್ಲಿ ಮಾರ್ಕೆಟ್ಟಿನ ಹಿಂದಿನ ಗಲ್ಲಿಗಳಲ್ಲಿ ನಾಯಿಕೆಮ್ಮು ತಲೆಯೆತ್ತಿದೆ. ಅಳಿಯನಿಗೂ ಹಾಕಿಸು. ಮಗುವಿನ ಹತ್ತಿರ ಬರುವವರೆಲ್ಲ ಹಾಕಿಸಿಕೊಂಡಿರಬೇಕು. ಇದು ನನ್ನ ಕಾನೂನು, ಇದಕ್ಕೆ ಮೇಲ್ಮನವಿ ಇಲ್ಲ.

ಸಹಿ ಹಾಕಿ ಸಿಕ್ಕಿಬಿದ್ದಿರುವ,
ಅಮ್ಮ

ಫೆಬ್ರವರಿ ೮

ಅಮ್ಮಾ,

ನಿನ್ನ ಕಾನೂನು ಜಾರಿಯಾಯಿತು. ನನಗೆ ತೋಳು ಊದಿದ್ದು ಬಿಟ್ಟರೆ ಏನೂ ಆಗಲಿಲ್ಲ. ನಿನ್ನ ಅಳಿಯನ ಕಥೆ ಕೇಳು. ದಿನವಿಡೀ ಸೂಜಿ ಹಿಡಿದು ಹೊಟ್ಟೆ ಹೊರೆಯುವ ಟೈಲರು, ನರ್ಸು ಒಂದು ಸೂಜಿ ತೋರಿಸಿದ್ದಕ್ಕೆ ಕಣ್ಣು ಕತ್ತಲೆ ಬಂದು ಬೆಂಚಿನ ಮೇಲೆ ಒರಗಿಬಿಟ್ಟ. ಬಸುರಿ ನಾನು, ನೀರು ಕುಡಿಸಿದ್ದು ಅವನಿಗೆ. "ನಾನು ಚುಚ್ಚೋದು ಬಟ್ಟೆಗೆ ಕಣೇ, ಬಟ್ಟೆ ಅಳಲ್ಲ" ಅಂತಾನೆ.

ನಿನಗೆ ರಸ್ತೆಯ ಕಡೆಯ ಕೋಣೆ. ಬಟ್ಟೆ ಕತ್ತರಿಸುವ ಮೇಜನ್ನು ಅಂಗಡಿಗೆ ಸಾಗಿಸಿ ಮಂಚ ಹಾಕಿಸಿದ್ದೇವೆ. ಕಿಟಕಿಯಿಂದ ಎದುರಿನ ಸೈಕಲ್ ಅಂಗಡಿ ಕಾಣುತ್ತದೆ, ಅಲ್ಲಿನ ಸುತ್ತಿಗೆ ಸದ್ದಿಗೆ ನಿನಗೆ ನಿದ್ದೆ ಬರುತ್ತದೋ ಇಲ್ಲವೋ. ಜೀಪಿನಲ್ಲಿ ಕೂತೇ ಗೊರಕೆ ಹೊಡೆಯುವವಳು, ಬರುತ್ತದೆ ಬಿಡು.

ಅಮ್ಮಾ, ಒಂದು ಮಾತು ಹೇಳುತ್ತೇನೆ, ಡಾಕ್ಟರಾಗಿ ಉತ್ತರ ಕೊಡಬೇಡ. ನನಗೆ ಹೆದರಿಕೆಯಾಗುತ್ತಿದೆ. ಹಗಲು ಶಾಲೆಯಲ್ಲಿ ಮಕ್ಕಳಿಗೆ ಚಿತ್ರ ಬರೆಸುತ್ತಾ ನಗುತ್ತಿರುತ್ತೇನೆ, ಮನೆಗೆ ಬಂದರೆ ಚಪ್ಪಲಿಯನ್ನೂ ಬಿಡದೆ ಹೊಸ್ತಿಲಲ್ಲೇ ಕೂತುಬಿಡುತ್ತೇನೆ. ನೀನು ಬರುತ್ತೀಯ ಅಂದುಕೊಂಡು ಏಳುತ್ತೇನೆ.

ದಿನ ಎಣಿಸುತ್ತಿರುವ,
ನಿನ್ನ ಮಗಳು

ಫೆಬ್ರವರಿ ೨೫

ಮಗಳೇ,

ಹೆದರಿಕೆ ಆಗಲಿ. ನೀನು ಹುಟ್ಟುವಾಗ ನನಗೂ ಆಗಿತ್ತು, ಡಾಕ್ಟರ್ ಓದಿದ್ದೆಲ್ಲ ಮರೆತು ನಿಮ್ಮಪ್ಪನ ಅಂಗಿ ಹರಿದಿದ್ದೆ. ಅವರು ಆ ಅಂಗಿಯನ್ನು ಬಹಳ ವರ್ಷ ಎಸೆಯಲಿಲ್ಲ.

ಇದರ ಜೊತೆ ಪತ್ರಿಕೆಯ ತುಂಡು ಕಳಿಸಿದ್ದೇನೆ. ತೋಳು ಮಡಚಿ ಸೂಜಿಗೆ ಕೈ ಕೊಟ್ಟು ಕೂತವಳು ನಿನ್ನಮ್ಮ. ಮುಖ ಯಾಕೆ ಹಾಗಿದೆ ಎಂದು ಕೇಳಬೇಡ, ಫೋಟೋದವನು "ನಗಿ ಮೇಡಂ, ನಗಿ" ಎಂದು ಹತ್ತು ಸಲ ಹೇಳಿದರೆ ಯಾರ ಮುಖವಾದರೂ ಹಾಗೇ ಆಗುತ್ತದೆ. ಹಿಂದಿನ ಗಲ್ಲಿಯ ಮುದುಕಿಯೊಬ್ಬಳು ಮೊಮ್ಮಗುವನ್ನು ಸೆರಗಿನಲ್ಲಿ ಮುಚ್ಚಿಕೊಂಡು "ಮೊದ್ಲು ನೀನ್ ಚುಚ್ಚಿಸ್ಕೊ ಡಾಕ್ಟ್ರಮ್ಮ, ಆಮೇಲೆ ನಮ್ಮ ಮಕ್ಕಳ ಸುದ್ದಿಗೆ ಬಾ" ಅಂದಳು. ನ್ಯಾಯವಾದ ಮಾತು. ಶಾಲೆಯ ಅಂಗಳದಲ್ಲಿ ಎಲ್ಲರ ಮುಂದೆ ಕುರ್ಚಿ ಹಾಕಿಸಿ ಕೂತೆ. ಆ ಫೋಟೋ ಬಂದ ಮೇಲೆ ಸಾಲು ಬೀದಿಯ ತಿರುವಿನವರೆಗೆ ಹೋಯಿತು. ಮುದುಕಿಯೂ ಬಂದಳು.

ಆದರೂ ಕಾಯಿಲೆ ನಮಗಿಂತ ಒಂದು ಹೆಜ್ಜೆ ಮುಂದಿದೆ. ಮಕ್ಕಳ ವಾರ್ಡಿನಲ್ಲಿ ಒಂದು ಕೂಸು ಕೆಮ್ಮಿ ಕೆಮ್ಮಿ ನೀಲಿಯಾಗಿ, ಆಮೇಲೆ ಸುಮ್ಮನಾಗಿಬಿಡುತ್ತದೆ. ಆ ಸುಮ್ಮನಾಗುವುದನ್ನು ನೋಡಲಾಗದೆ ಅದರ ತಾಯಿ ನನ್ನ ಕೈ ಹಿಡಿದುಕೊಂಡಿದ್ದಳು. ಅವಳಿಗೂ ನಿನ್ನಷ್ಟೇ ವಯಸ್ಸು.

ಇಲ್ಲಿಗೆ ನಿಲ್ಲಿಸುತ್ತೇನೆ. ಜೀಪು ಬಂತು.

ಅಮ್ಮ

ಮಾರ್ಚ್ ೧೬

ಡಾಕ್ಟರಿಗೆ,

ನಿನ್ನ ಸೇವೆಯನ್ನು ಆರು ತಿಂಗಳು ಮುಂದುವರಿಸಿದ್ದಾರೆ ಎನ್ನುವ ಸುದ್ದಿ ನನಗೆ ಗೊತ್ತಾದದ್ದು ಪತ್ರಿಕೆಯಿಂದ. ಅಳಿಯ ಅದರ ಮೇಲೆ ಚಹಾ ಲೋಟ ಇಟ್ಟು ಮುಚ್ಚಲು ನೋಡಿದ, ಪಾಪ. "ಹಿರಿಯ ವೈದ್ಯಾಧಿಕಾರಿ ಸಂತೋಷದಿಂದ ಒಪ್ಪಿಕೊಂಡರು" ಎಂದು ಬರೆದಿದ್ದಾರೆ. ಸಂತೋಷದಿಂದ!

ಊರಿಗೆ ಉಪಕಾರಿ, ಮನೆಗೆ ಮಾರಿ. ಅಪ್ಪ ನಗುತ್ತಾ ಹೇಳುತ್ತಿದ್ದರು. ನನಗೆ ನಗು ಬರುತ್ತಿಲ್ಲ.

ನೀನು ಬರುವುದು ಬೇಡ. ಇಲ್ಲಿ ಆಸ್ಪತ್ರೆ ಇದೆ, ನರ್ಸು ಇದ್ದಾಳೆ, ಕಣ್ಣು ಕತ್ತಲೆ ಬರುವ ಗಂಡ ಇದ್ದಾನೆ. ಸಾಕು.

ಮಗಳು

ಮಾರ್ಚ್ ೨೭

ಮಗಳೇ,

ನಿನ್ನ ಕಾಗದ ಬಂದು ಒಂದು ವಾರ ಕಳೆಯಿತು. ಹೇಳಲು ನೆಪವಿರಲಿಲ್ಲ, ಅದಕ್ಕೇ ಬರೆಯಲಿಲ್ಲ.

ಒಪ್ಪಿಕೊಂಡದ್ದು ನಿಜ. ಮೇಲಿನವರು "ನೀವಿಲ್ದೆ ಹೇಗೆ ಮೇಡಂ?" ಎಂದರು. ವಾರ್ಡಿನ ಆ ಕೂಸು ಕಣ್ಣೆದುರಿಗಿತ್ತು, ಬಾಯಿ ಹೂಂ ಅಂದುಬಿಟ್ಟಿತು. ನಿನ್ನ ಕಾಗದ ಓದಿದ ಮೇಲೆ ಚಿಕ್ಕ ಡಾಕ್ಟರನ್ನು ಕರೆದು "ನಾನು ಇಲ್ಲದಿದ್ದರೆ ನಿನಗೆ ಏನು ಕಷ್ಟ ಆಗುತ್ತೆ, ನಿಜ ಹೇಳು" ಎಂದೆ. ಅವಳು "ಬೈಯೋರು ಇರಲ್ಲ ಮೇಡಂ, ಅಷ್ಟೇ" ಅಂದಳು. ನನಗೆ ಕೋಪ ಬಂತು, ಅಳು ಬಂತು, ಆಮೇಲೆ ಸಮಾಧಾನವಾಯಿತು. ಎಷ್ಟೋ ವರ್ಷ ಅವಳಿಗೆ ಕಲಿಸಿದ್ದು ಇದಕ್ಕೇ ಅಲ್ಲವೇ? ವಾರ್ಡಿನ ಕೂಸು ಮೊನ್ನೆ ಗುಣವಾಗಿ ಮನೆಗೆ ಹೋಯಿತು. ಆಗ ಅಲ್ಲಿದ್ದದ್ದು ನಾನಲ್ಲ, ಅವಳು.

ನನ್ನಿಂದ ಆಗುವುದಿಲ್ಲ ಎಂದು ಮೇಲಿನವರಿಗೆ ಹೇಳಿ ಬಂದೆ. ಆಫೀಸಿನ ಫೋನನ್ನು ಕೊನೆಯ ದಿನ ಚಿಕ್ಕ ಡಾಕ್ಟರ ಕೈಗೇ ಕೊಡುತ್ತೇನೆ. ಟಿಕೆಟ್ ತೆಗೆಸಿದ್ದೇನೆ, ಏಪ್ರಿಲ್ ಐದು ಬೆಳಿಗ್ಗೆ ನಿಮ್ಮೂರಿನಲ್ಲಿ ಇಳಿಯುತ್ತೇನೆ. ಬರಬೇಡ ಎಂದಿದ್ದೀಯ, ಆದರೂ ಬರುತ್ತಿದ್ದೇನೆ. ಬಾಗಿಲು ಹಾಕಿಕೊಂಡರೆ ಮೆಟ್ಟಿಲ ಮೇಲೆ ಕೂರುತ್ತೇನೆ, ಎಷ್ಟೋ ಮನೆಗಳ ಮುಂದೆ ಕೂತು ಅಭ್ಯಾಸವಿದೆ.

ಹಟಮಾರಿಯ ತಾಯಿ

ಏಪ್ರಿಲ್ ೫, ನಿಮ್ಮ ಮನೆಯ ಎದುರು

ಮಗಳೇ,

ಕೂಗಾಡಬೇಡ, ಪೂರ್ತಿ ಓದು. ಕಿಟಕಿಗೆ ಬಂದು ಸೈಕಲ್ ಅಂಗಡಿಯ ಮಹಡಿ ನೋಡು. ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಂಡು ಕೈ ಬೀಸುತ್ತಿರುವವಳು ಕಳ್ಳಿಯಲ್ಲ, ನಿನ್ನಮ್ಮ.

ರೈಲಿನಲ್ಲಿ ಒಣಕೆಮ್ಮು ಶುರುವಾಯಿತು. ಧೂಳಿರಬೇಕು ಎಂದುಕೊಂಡರೂ ಅಭ್ಯಾಸಬಲದಿಂದ ಬಟ್ಟೆ ಕಟ್ಟಿಕೊಂಡೆ. ಸ್ಟೇಷನ್ನಿನಲ್ಲಿ ಇಳಿದಾಗ ಚಿಕ್ಕ ಡಾಕ್ಟರ ಫೋನು. ನಮ್ಮ ಜೀಪಿನ ಡ್ರೈವರಿಗೆ ನಾಯಿಕೆಮ್ಮು ಖಚಿತವಾಗಿದೆ. ಇಡೀ ತಿಂಗಳು ಗಾಜು ಏರಿಸಿದ ಜೀಪಿನಲ್ಲಿ ಅವನ ಪಕ್ಕ ಕೂತವಳು ನಾನು. "ನಿಮಗೇನ್ ಬಿಡಿ ಮೇಡಂ, ಸೂಜಿ ಹಾಕಿಸ್ಕೊಂಡಿದ್ದೀರಲ್ಲ, ಫೋಟೋನೇ ಇದೆ" ಅಂದಳು. ಆಗ ನೆನಪಾಯಿತು. ಫೋಟೋ ತೆಗೆದದ್ದು ಸೂಜಿ ಚುಚ್ಚುವ ಮೊದಲು. ಫೋಟೋದವನು ಆಯ್ತು ಎನ್ನುವುದಕ್ಕೂ ಆಫೀಸಿನ ಫೋನು ಹೊಡೆದುಕೊಳ್ಳುವುದಕ್ಕೂ ಸರಿಹೋಯಿತು. ನರ್ಸಿಗೆ "ಒಂದ್ನಿಮಿಷ ಇರಮ್ಮ" ಎಂದು ಎದ್ದು ಹೋದೆ. ತೋಳು ಇಳಿಸಿಕೊಂಡೆ, ಮರೆತೆ. ಊರಿಗೆಲ್ಲ ಚುಚ್ಚಿಸಿ ನಾನು ಮಾತ್ರ ಹಾಗೇ ಉಳಿದೆ.

ಸ್ಟೇಷನ್ ಎದುರಿನ ಅಂಗಡಿಯಲ್ಲೇ ಮಾತ್ರೆ ತೆಗೆದುಕೊಂಡು ನುಂಗಲು ಶುರು ಮಾಡಿದ್ದೇನೆ. ದಿನಕ್ಕೊಂದರಂತೆ ಐದು. ಮುಗಿದ ಮಾರನೆಯ ದಿನ ನನ್ನಿಂದ ಯಾರಿಗೂ ಹರಡುವುದಿಲ್ಲ, ಆಗ ಮನೆಗೆ ಬರುತ್ತೇನೆ. ಅಲ್ಲಿಯವರೆಗೆ ನಿನ್ನ ಹೊಸ್ತಿಲಿಗೂ ಬರುವುದಿಲ್ಲ. ನೀನು ಸೂಜಿ ಹಾಕಿಸಿಕೊಂಡಿದ್ದೀಯ, ಕೂಸಿಗೆ ರಕ್ಷಣೆ ಇದೆ. ಆದರೆ ಅದನ್ನೇ ನಂಬಿ ನಾನು ಹತ್ತಿರ ಬರಲಾರೆ. ನಮಗೆ ಇದು ಬರೀ ಕೆಮ್ಮು. ಹಸುಗೂಸಿಗೆ ಕೆಮ್ಮುವ ಶಕ್ತಿಯೂ ಇರುವುದಿಲ್ಲ, ಉಸಿರೇ ನಿಲ್ಲುತ್ತದೆ.

ಅಂಗಡಿಯವರ ಮನೆಯಲ್ಲಿ ಚಿಕ್ಕ ಮಕ್ಕಳಿಲ್ಲ ಎಂದು ಕೇಳಿಕೊಂಡೇ ಈ ಕೋಣೆ ಹಿಡಿದೆ. ಮೆಟ್ಟಿಲು ಹೊರಗಿನಿಂದಲೇ ಇದೆ. ಕಿಟಕಿಯಿಂದ ಹಗ್ಗ ಕಟ್ಟಿ ಬುಟ್ಟಿ ಇಳಿಬಿಟ್ಟಿದ್ದೇನೆ. ಮಾತಾಡಿದರೆ ಕೆಮ್ಮು ಹತ್ತುತ್ತದೆ, ಅದಕ್ಕೇ ಬೈಗುಳವನ್ನೆಲ್ಲ ಬರೆದು ಬುಟ್ಟಿಗೆ ಹಾಕು.

ಬಂದೂ ಬಾರದ,
ಅಮ್ಮ

ಏಪ್ರಿಲ್ ೫, ಸಂಜೆ

ಅಮ್ಮಾ,

ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ! ತೊಟ್ಟಿಲಿನ ಮೇಲಿನ ಗೋಡೆಗೆ ಆ ಫೋಟೋ ಅಂಟಿಸಿದ್ದೆ. ಬಂದವರಿಗೆಲ್ಲ "ನೋಡಿ, ನಮ್ಮಮ್ಮ" ಎಂದು ತೋರಿಸಿದ್ದೆ. ಈಗಷ್ಟೇ ಅದಕ್ಕೆ ಮೀಸೆ ಬರೆದೆ. ಚೆನ್ನಾಗಿ ಬಂದಿದೆ, ಚಿತ್ರದ ಟೀಚರಲ್ಲವೇ ನಾನು.

ಮೊದಲು ನಕ್ಕೆ, ಆಮೇಲೆ ಅತ್ತೆ, ಆಮೇಲೆ ನಿನ್ನ ಅಳಿಯನನ್ನು ಸುಮ್ಮಸುಮ್ಮನೆ ಬೈದೆ. ಅವನು ನಿನ್ನ ಕಾಗದವನ್ನು ಇಕ್ಕಳದಲ್ಲಿ ಹಿಡಿದು ತಂದಿದ್ದ. ಜೀವನವಿಡೀ ಜೀಪು ಹತ್ತಿ ಹೋಗುತ್ತಿದ್ದ ನೀನು ಕೊನೆಗೂ ಬಂದೆ. ಬಂದು ರಸ್ತೆಯ ಆಚೆ ಕೂತೆ. ನಿನ್ನ ಹಣೆಬರಹವೋ ನನ್ನದೋ ತಿಳಿಯದು.

ಸಂಜೆ ನೀನು ಕಿಟಕಿಯಲ್ಲಿ ಕೂತು ಚಹಾದಲ್ಲಿ ಬ್ರೆಡ್ಡು ಅದ್ದಿಕೊಂಡು ತಿನ್ನುವುದನ್ನು ನೋಡಿದೆ. ಬೆನ್ನು ಬಾಗಿದೆ ಅಮ್ಮಾ ನಿನಗೆ. ಯಾವಾಗಿನಿಂದ? ಬುಟ್ಟಿಯಲ್ಲಿ ಬಿಸಿ ಊಟ ಇದೆ. ಬಂದೆಯಲ್ಲ, ಅಷ್ಟು ಸಾಕು.

ಬೈದು ಮುಗಿಸಿದ,
ನಿನ್ನ ಮಗಳು

ಏಪ್ರಿಲ್ ೭

ಅತ್ತೆಯವರಿಗೆ ಅಳಿಯ ತಿಳಿಸುವುದು,

ಹೆಣ್ಣು ಮಗು. ಬೆಳಿಗ್ಗೆ ಹುಟ್ಟಿತು. ತಾಯಿ ಮಗು ಇಬ್ಬರೂ ಚೆನ್ನಾಗಿದ್ದಾರೆ. ನಿನ್ನೆ ಆಟೋ ಹತ್ತುವಾಗ ನೀವು ಕಿಟಕಿಯಿಂದ ಕೈಸನ್ನೆ ಮಾಡಿ ಹೇಳಿದ್ದರಲ್ಲಿ ನನಗೆ ಅರ್ಥವಾದದ್ದು ಅರ್ಧ, ಅಷ್ಟನ್ನು ಮಾಡಿದೆ. ಕಣ್ಣು ಕತ್ತಲೆ ಬರಲಿಲ್ಲ.

ಮಗುವಿನ ತೂಕ ನರ್ಸು ಹೇಳಿದರು, ಮರೆತೆ. ಉದ್ದ ನಾನೇ ಟೇಪಿನಲ್ಲಿ ಅಳೆದೆ, ಭುಜವನ್ನೂ ಅಳೆದೆ. ಅದರ ಅಳತೆಗೇ ಕತ್ತರಿಸಿದ ಬಟ್ಟೆಯ ತುಂಡು ಬುಟ್ಟಿಯಲ್ಲಿದೆ. ಎದೆಗೆ ಹಿಡಿದು ನೋಡಿ, ಎಷ್ಟಿದ್ದಾಳೆ ಎಂದು ತಿಳಿಯುತ್ತದೆ.

ಮೊದಲು ಎತ್ತಿಕೊಂಡವನು ನಾನು. ಅದು ನಿಮ್ಮ ಪಾಲಿನದು, ಇವಳು ಹೇಳಿದ್ದಳು. ಕ್ಷಮಿಸಿ.

ನಿಮ್ಮ ಅಳಿಯ

ಏಪ್ರಿಲ್ ೮

ಮಗಳೇ,

ಮಧ್ಯಾಹ್ನ ಆಟೋದಿಂದ ಇಳಿಯುವಾಗ ಬಟ್ಟೆಯ ಗಂಟು ಕಂಡಿತು, ಮಗು ಕಾಣಲಿಲ್ಲ. ಆಮೇಲೆ ನೀನು ಕಿಟಕಿಗೆ ತಂದು ಎತ್ತಿ ಹಿಡಿದೆಯಲ್ಲ, ಆಗ ನೋಡಿದೆ. ಆಕಳಿಸಿತು. ಕೆಳಗೆ ಸೈಕಲ್ ಅಂಗಡಿಯವರು ಸುತ್ತಿಗೆ ನಿಲ್ಲಿಸಿ ನೋಡಿದರು. "ಅಜ್ಜೀದೇ ಮೂಗು ಕಣ್ರೀ" ಎಂದು ಕೂಗಿ ಹೇಳಿದರು. ಅವರಿಗೆ ನನ್ನ ಮೂಗು ಎಲ್ಲಿ ಕಂಡಿತೋ, ಬಟ್ಟೆ ಕಟ್ಟಿಕೊಂಡಿದ್ದೇನೆ.

ಎಷ್ಟು ಸಾವಿರ ಮಕ್ಕಳನ್ನು ನೋಡಿದ್ದೇನೋ. ನೋಡಲು ಗೊತ್ತಿದೆ ಎಂದುಕೊಂಡಿದ್ದೆ. ಅಳಿಯನಿಗೆ ಹೇಳು, ಅವನ ಬಟ್ಟೆಯ ತುಂಡನ್ನು ನಿನ್ನೆಯಿಂದ ಕೆಳಗಿಟ್ಟಿಲ್ಲ. ಕ್ಷಮೆ ಗಿಮೆ ಏನೂ ಬೇಡ. ಕಾಗದದಿಂದ ಕಾಯಿಲೆ ಹರಡುವುದಿಲ್ಲ, ಇಕ್ಕಳವೂ ಬೇಡ.

ಅಜ್ಜಿ (ಮೊದಲ ಸಲ ಬರೆಯುತ್ತಿದ್ದೇನೆ)

ಏಪ್ರಿಲ್ ೯, ಬೆಳಿಗ್ಗೆ

ಮಗಳೇ,

ಆಗಿನಿಂದ ನೋಡುತ್ತಿದ್ದೇನೆ. ಮಗು ಅಳುತ್ತಿದೆ, ನೀನು ಹಾಲೂಡಿಸಲು ನೋಡುತ್ತೀಯ, ಅದು ಮುಖ ತಿರುಗಿಸುತ್ತದೆ. ಈಗ ನೀನೂ ಅಳುತ್ತಿದ್ದೀಯ, ಗೋಡೆಗೆ ತಲೆ ಆನಿಸಿಕೊಂಡು. ಅಳಿಯ ನೀರಿನ ಲೋಟ ಹಿಡಿದು ಕಂಬದ ಹಾಗೆ ನಿಂತಿದ್ದಾನೆ.

ಉಳಿದಿರುವುದು ಇವತ್ತಿನದೊಂದೇ ಮಾತ್ರೆ. ಕೆಮ್ಮೂ ಇಳಿದಿದೆ. ನಾನು ಬರುತ್ತಿದ್ದೇನೆ. ಬಾಗಿಲಲ್ಲೇ ನಿಲ್ಲುತ್ತೇನೆ, ಹೇಗೆ ಹಿಡಿದುಕೊಳ್ಳಬೇಕು ಎಂದು ಹೇಳಿ ಹೊರಟುಬಿಡುತ್ತೇನೆ. ಕಾನೂನು ಹಾಳಾಗಿ ಹೋಗಲಿ. ನೀನು ಅಳುವುದನ್ನು ಕಿಟಕಿಯಿಂದ ನೋಡುತ್ತಾ ಕೂರಲು ನನ್ನಿಂದ ಆಗುವುದಿಲ್ಲ.

ಅಮ್ಮ

ಏಪ್ರಿಲ್ ೯, ಮಧ್ಯಾಹ್ನ

ಅಮ್ಮಾ,

ನಿನ್ನ ಚೀಟಿ ಓದಿ ತಲೆಯೆತ್ತುವಷ್ಟರಲ್ಲಿ ನೀನು ರಸ್ತೆಯ ಮಧ್ಯದಲ್ಲಿದ್ದೆ, ಕಾಲಿಗೆ ಚಪ್ಪಲಿಯೂ ಇರಲಿಲ್ಲ. ನಾನು ಕಿಟಕಿಯಿಂದ ಕೈ ಅಡ್ಡ ಹಿಡಿದು "ಒಂದ್ನಿಮಿಷ ಇರಮ್ಮಾ!" ಎಂದು ಕೂಗಿದೆ. ನೀನು ನಿಂತುಬಿಟ್ಟೆ. ಹೇಳಿದ ತಕ್ಷಣ ನೀನು ನಿಂತದ್ದನ್ನು ನಾನು ಇದುವರೆಗೆ ನೋಡಿರಲಿಲ್ಲ. ಸೈಕಲ್ಲುಗಳು ಗಂಟೆ ಬಾರಿಸುತ್ತಾ ನಿನ್ನ ಎರಡೂ ಕಡೆ ಹೋಗುತ್ತಿದ್ದವು. ನೀನು ನನ್ನನ್ನೇ ನೋಡಿದೆ, ತಿರುಗಿ ಹೋದೆ.

ಮಾತ್ರೆ ಮುಗಿದ ಮಾರನೆಯ ದಿನ ಎಂದು ಬರೆದವಳು ನೀನು. ಮೇಲ್ಮನವಿ ಇಲ್ಲ ಎಂದವಳೂ ನೀನೇ. ನನಗೆ ನೀನು ಬೇಕಾಗಿತ್ತು ಅಮ್ಮಾ, ಇಡೀ ಪ್ರಪಂಚದಲ್ಲಿ ಆಗ ಬೇರೆ ಯಾರೂ ಬೇಕಾಗಿರಲಿಲ್ಲ. ಆದರೂ ಎತ್ತಿದ ಕೈ ಇಳಿಸಲಿಲ್ಲ, ತೊಡೆಯ ಮೇಲೆ ಇವಳಿದ್ದಳು. ಚಿಕ್ಕವಳಿದ್ದಾಗ ನೀನು ಕೈ ತೋರಿಸು ಎಂದು ನನ್ನನ್ನು ದೂರ ನಿಲ್ಲಿಸಿದಾಗಲೆಲ್ಲ ನಿನಗೆ ನಾನು ಬೇಡವೇನೋ ಎಂದುಕೊಳ್ಳುತ್ತಿದ್ದೆ. ಇವತ್ತು ಹಾಗನ್ನಿಸಲಿಲ್ಲ.

ಈಗ ಡಾಕ್ಟರಾಗು. ಹಾಲು ಹೇಗೆ ಕುಡಿಸಬೇಕು, ಬರೆದು ಕಳಿಸು. ಬೇಗ.

ನಿನ್ನನ್ನು ತಡೆದ,
ಮಗಳು

ಏಪ್ರಿಲ್ ೯, ಈಗಲೇ

ಮಗಳೇ,

ಮೊದಲು ಕೆಲಸ. ಗೋಡೆಗೆ ಒರಗಿ ಆರಾಮಾಗಿ ಕೂರು, ತೋಳಿನ ಕೆಳಗೆ ದಿಂಬು ಇಟ್ಟುಕೊ. ಮಗುವಿನ ಹೊಟ್ಟೆ ನಿನ್ನ ಹೊಟ್ಟೆಗೆ ತಾಗುವ ಹಾಗೆ ಪೂರ್ತಿ ನಿನ್ನ ಕಡೆ ತಿರುಗಿಸು. ಬರೀ ಕತ್ತು ತಿರುಗಿಸಿದರೆ ನೀನಾದರೂ ಹೇಗೆ ಕುಡಿಯುತ್ತೀಯ? ನೀನು ಅದರ ಕಡೆ ಬಾಗಬೇಡ, ಅದನ್ನು ನಿನ್ನ ಕಡೆ ತಂದುಕೊ. ಬಾಯಿ ದೊಡ್ಡದಾಗಿ ತೆರೆಯುವವರೆಗೆ ಕಾಯಿ. ಮೊದಲ ದಿನಗಳಲ್ಲಿ ಹಾಲು ಕಡಿಮೆಯೇ, ಅದರ ಹೊಟ್ಟೆಯೂ ಗೋಲಿಯಷ್ಟೇ. ಇಷ್ಟಾದರೂ ಕುಡಿಯದಿದ್ದರೆ ಸಂಜೆಯೊಳಗೆ ಆಸ್ಪತ್ರೆಯ ನರ್ಸಿಗೆ ತೋರಿಸು. ಅಳಿಯನಿಗೆ ಆ ನೀರಿನ ಲೋಟವನ್ನು ನಿನಗೆ ಕೊಡಲು ಹೇಳು, ಅದು ನಿನಗಾಗಿಯೇ.

ಇನ್ನೊಂದು ಮಾತು. ಎಷ್ಟೋ ಬಾಗಿಲುಗಳಲ್ಲಿ ನಾನು ಕೈ ಅಡ್ಡ ಹಿಡಿದು ನಿಂತಿದ್ದೇನೆ. ಅಪ್ಪಂದಿರನ್ನು, ಅಜ್ಜಿಯರನ್ನು ಹೊರಗೇ ನಿಲ್ಲಿಸಿದ್ದೇನೆ. ಅವರು ನನ್ನನ್ನು ಒಂದು ರೀತಿ ನೋಡುತ್ತಿದ್ದರು, ಕೋಪವೆಂದು ತಿಳಿದಿದ್ದೆ. ಇವತ್ತು ರಸ್ತೆಯಲ್ಲಿ ನಿಂತಾಗ ನಾನೂ ಹಾಗೇ ನೋಡಿರಬೇಕು. ಅದು ಕೋಪವಲ್ಲ ಮಗಳೇ.

ನೀನು ಮಾಡಿದ್ದು ಸರಿ. ನಿಮ್ಮಪ್ಪ ಇದ್ದಿದ್ದರೆ ಸಂಜೆ ಕೇಳುತ್ತಿದ್ದರು, ಇವತ್ತು ಏನು ಆಗಲಿಲ್ಲ ಎಂದು. ಹೇಳುತ್ತಿದ್ದೆ.

ಕೊನೆಯ ಮಾತ್ರೆ ನುಂಗಿದ,
ಅಮ್ಮ

ಏಪ್ರಿಲ್ ೧೦, ಬೆಳಿಗ್ಗೆ

ಅಮ್ಮಾ,

ಕುಡಿದಳು. ದಿಂಬು ಇಟ್ಟ ಮೇಲೆ ಕುಡಿದಳು, ರಾತ್ರಿಯಿಡೀ ಕುಡಿದಳು, ಈಗಲೂ ಬಾಯಿ ಹುಡುಕುತ್ತಿದ್ದಾಳೆ.

ಬಾ. ಬಾಗಿಲು ತೆರೆದೇ ಇದೆ. ಬಾಗಿಲಲ್ಲಿ ನಿನ್ನ ಅಳಿಯ "ಅತ್ತೆ, ಮೊದ್ಲು ಕೈ ತೋರ್ಸಿ" ಅಂತಾನೆ, ಅವನನ್ನು ಬೈಯಬೇಡ, ನಾನೇ ಹೇಳಿಕೊಟ್ಟದ್ದು. ತೋರಿಸಿಬಿಟ್ಟು ನೇರವಾಗಿ ಒಳಗೆ ಬಾ. ಫೋಟೋದ ಮೀಸೆ ಅಳಿಸಿಲ್ಲ, ನೋಡಿಕೊ.

ಇವಳನ್ನು ಎತ್ತಿಕೊ. ನಾನು ಮಲಗುತ್ತೇನೆ. ಅಮ್ಮ ಮನೆಯಲ್ಲೇ ಇದ್ದಾಳೆ, ಏಳುವಷ್ಟರಲ್ಲಿ ಎಲ್ಲಿಗೂ ಹೋಗಿರುವುದಿಲ್ಲ ಎಂದುಕೊಂಡು ಮಲಗಿ ನನಗೆ ಗೊತ್ತಿಲ್ಲ. ಇವತ್ತು ಹಾಗೆ ಮಲಗಬೇಕು. ಊಟಕ್ಕೂ ಎಬ್ಬಿಸಬೇಡ.

ನಿನ್ನ ಮಗಳು